ಮಾರಿದ ಮೇಲೂ ಬಿಡದ ಹಿಡಿತ: ಪೆಟ್ಟಿಗೆಯ ಮೇಲೆ ಕೊನೆಯ ದಿನಾಂಕ ಅಚ್ಚಾಗಲಿ

ಮಾನ್ಯ ಸಂಪಾದಕರೆ,

ನಿಮ್ಮ ಪತ್ರಿಕೆಯ ತಂತ್ರಜ್ಞಾನ ಪುಟವನ್ನು ತಪ್ಪದೆ ಓದುವವರಲ್ಲಿ ನಾನೂ ಒಬ್ಬ. ಹೊಸ ಮೊಬೈಲ್, ಟಿ.ವಿ. ಅಥವಾ ಲ್ಯಾಪ್‌ಟಾಪ್ ಮಾರುಕಟ್ಟೆಗೆ ಬಂದಾಗಲೆಲ್ಲ ಅದರ ಪರದೆ ಎಷ್ಟು ಇಂಚಿನದು, ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್‌ನದು, ಪ್ರೊಸೆಸರ್ ಯಾವುದು, ಚಾರ್ಜ್ ಆಗಲು ಎಷ್ಟು ನಿಮಿಷ ಬೇಕು ಎಂಬ ವಿವರಗಳು ಆ ಪುಟದಲ್ಲಿ ಅಚ್ಚುಕಟ್ಟಾಗಿ ಬರುತ್ತವೆ. ಆದರೆ ಆ ಸಾಧನಕ್ಕೆ ತಯಾರಕರು ಎಷ್ಟು ವರ್ಷ ಭದ್ರತಾ ಅಪ್‌ಡೇಟ್ ಕೊಡುತ್ತಾರೆ, ಬ್ಯಾಟರಿ ಸೊರಗಿದರೆ ಬದಲಿಸಬಹುದೇ, ಬಿಡಿಭಾಗಗಳು ಎಷ್ಟು ಕಾಲ ಸಿಗುತ್ತವೆ, ಕಂಪನಿಯ ಸರ್ವರ್ (ಅಂತರಜಾಲದ ಮೂಲಕ ಸಾಧನಕ್ಕೆ ಸೇವೆ ಒದಗಿಸುವ ಕಂಪನಿಯ ಕಂಪ್ಯೂಟರ್) ನಿಂತುಹೋದ ದಿನವೂ ಅದು ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರ ಸಿಗುವುದಿಲ್ಲ. ಕಂಪನಿಗಳು ಹಂಚುವ ಮಾಹಿತಿಪತ್ರಗಳಲ್ಲೇ ಈ ಸಂಗತಿಗಳು ಇರುವುದು ಅಪರೂಪವಾದ್ದರಿಂದ ಇದನ್ನು ನಿಮ್ಮ ಪುಟವೊಂದರ ಕೊರತೆ ಎಂದು ನಾನು ಹೇಳಲಾರೆ. ಕ್ಯಾಸೆಟ್ ಪ್ಲೇಯರ್‌ಗಳ ಕಾಲದಿಂದ ಇಂದಿನ ಸ್ಮಾರ್ಟ್‌ಫೋನ್‌ವರೆಗೆ ಈ ಕಂಪನಿಗಳ ಗ್ರಾಹಕನಾಗಿಯೇ ಬಂದಿರುವ ನನಗೆ, ಒಂದು ವಸ್ತುವನ್ನು ಕೊಳ್ಳುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆಗಳು ಇವೇ ಎಂದು ಮನವರಿಕೆಯಾಗಿದೆ. ಅದಕ್ಕೆ ಕಾರಣಗಳನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಲು ಅವಕಾಶ ಕೊಡಬೇಕೆಂದು ಕೋರುತ್ತೇನೆ.

ರೇಡಿಯೊ, ಟೇಪ್ ರೆಕಾರ್ಡರ್‌ಗಳ ಕಾಲದಲ್ಲಿ ದುಡ್ಡು ಕೊಟ್ಟು ರಸೀದಿ ಪಡೆದ ಕ್ಷಣಕ್ಕೆ ವ್ಯವಹಾರ ಮುಗಿಯುತ್ತಿತ್ತು. ಆಮೇಲೆ ಆ ವಸ್ತು ಪೂರ್ತಿ ನಮ್ಮದು. ಅದು ಕೆಟ್ಟರೆ ಯಾರ ಹತ್ತಿರ ಬೇಕಾದರೂ ರಿಪೇರಿ ಮಾಡಿಸಬಹುದಿತ್ತು, ಬೇಡವೆಂದರೆ ಇನ್ನೊಬ್ಬರಿಗೆ ಕೊಡಬಹುದಿತ್ತು. ತಯಾರಿಸಿದ ಕಂಪನಿ ಬಾಗಿಲು ಹಾಕಿದರೂ ನಮ್ಮ ರೇಡಿಯೊ ಹಾಡುವುದನ್ನು ನಿಲ್ಲಿಸುತ್ತಿರಲಿಲ್ಲ. ಎಷ್ಟೋ ರೇಡಿಯೊಗಳ ಹಿಂಬದಿಯ ಮುಚ್ಚಳ ಬಿಚ್ಚಿದರೆ ಒಳಗೆ ಅದರ ಸರ್ಕಿಟ್ ನಕ್ಷೆಯನ್ನೇ ಅಂಟಿಸಿರುತ್ತಿದ್ದರು, ಅಂದರೆ ಅದು ಮುಂದೊಂದು ದಿನ ಕೆಡುತ್ತದೆ, ಅದನ್ನು ಯಾರೋ ಬಿಚ್ಚಿ ಸರಿಪಡಿಸುತ್ತಾರೆ ಎಂಬುದನ್ನು ತಯಾರಕರೇ ಒಪ್ಪಿಕೊಂಡಿದ್ದರು. 1963ರಲ್ಲಿ ಕಾಂಪ್ಯಾಕ್ಟ್ ಕ್ಯಾಸೆಟ್ ಅನ್ನು ಹೊರತಂದ ಫಿಲಿಪ್ಸ್ ಕಂಪನಿ ಅದರ ವಿನ್ಯಾಸವನ್ನು ಇತರ ತಯಾರಕರಿಗೆ ಪರವಾನಗಿ ಶುಲ್ಕವಿಲ್ಲದೆ ಬಿಟ್ಟುಕೊಟ್ಟಿತು. ಹಾಗಾಗಿ ಯಾವ ಕಂಪನಿಯ ಕ್ಯಾಸೆಟ್ ಆದರೂ ಯಾವ ಕಂಪನಿಯ ಪ್ಲೇಯರ್‌ನಲ್ಲಾದರೂ ಓಡುತ್ತಿತ್ತು. 1979ರಲ್ಲಿ ಸೋನಿ ತಂದ ವಾಕ್‌ಮನ್‌ಗೂ ಬೇರೆ ಕ್ಯಾಸೆಟ್ ಬೇಕಾಗಲಿಲ್ಲ.

ಹಳೆಯದೆಲ್ಲ ಚಿನ್ನ ಎಂದು ಹೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಕಂಪನಿಗಳು ಆಗಲೂ ಸಾಧುಗಳಾಗಿರಲಿಲ್ಲ. ಓಸ್ರಾಮ್, ಫಿಲಿಪ್ಸ್ ಮೊದಲಾದ ಬಲ್ಬ್ ತಯಾರಕರು 1924ರಲ್ಲಿ ಜಿನೀವಾದಲ್ಲಿ ಒಟ್ಟುಗೂಡಿ ಫೀಬಸ್ ಎಂಬ ಕೂಟ ಕಟ್ಟಿಕೊಂಡು, ವಿದ್ಯುತ್ ಬಲ್ಬ್ ಸುಮಾರು 1,000 ಗಂಟೆಗಿಂತ ಹೆಚ್ಚು ಉರಿಯಬಾರದೆಂದು ತಮ್ಮತಮ್ಮಲ್ಲೇ ಗೊತ್ತುಪಡಿಸಿಕೊಂಡಿದ್ದವು. ಅದಕ್ಕಿಂತ ಬಹುಕಾಲ ಬಾಳುವ ಬಲ್ಬ್ ತಯಾರಿಸಿದ ಸದಸ್ಯ ಕಂಪನಿ ದಂಡ ಕಟ್ಟಬೇಕಾಗಿತ್ತು. ಇನ್ನೊಂದು ಕಡೆ, ಇಂದಿನ ಒಂದು ಫೋನ್ ಮಾಡುವ ಕೆಲಸಕ್ಕೆ ಆಗ ಕ್ಯಾಮೆರಾ, ಟೇಪ್ ರೆಕಾರ್ಡರ್, ನಕಾಶೆ, ನಿಘಂಟು, ಟಾರ್ಚ್ ಎಲ್ಲವೂ ಬೇರೆಬೇರೆಯಾಗಿ ಬೇಕಾಗುತ್ತಿದ್ದವು. ಹಿಂದಿನ ಫೋನ್‌ಗೆ ಮರಳಬೇಕೆಂಬ ಆಸೆ ನನಗೆ ಒಂದು ದಿನವೂ ಬಂದಿಲ್ಲ. ನನ್ನ ತಕರಾರು ತಂತ್ರಜ್ಞಾನದ ಮೇಲಲ್ಲ, ಅದನ್ನು ಮಾರಿದ ಮೇಲೂ ಕಂಪನಿಗಳು ಅದರ ಮೇಲೆ ಉಳಿಸಿಕೊಂಡಿರುವ ಅಧಿಕಾರದ ಮೇಲೆ, ಮತ್ತು ಆ ಅಧಿಕಾರದ ಜೊತೆಗೆ ಬರಬೇಕಾದ ಹೊಣೆಯನ್ನು ಅವು ಬರಹದಲ್ಲಿ ಒಪ್ಪಿಕೊಳ್ಳದಿರುವುದರ ಮೇಲೆ.

ಈ ಅಧಿಕಾರ ಬಂದದ್ದು ತಂತ್ರಾಂಶದಿಂದ. ಇಂದು ಫೋನ್, ಟಿ.ವಿ., ಕೈಗಡಿಯಾರ, ಸ್ಪೀಕರ್, ಪ್ರಿಂಟರ್, ಬಾಗಿಲ ಬೀಗದವರೆಗೆ ಎಲ್ಲದರಲ್ಲೂ ಒಂದು ಪುಟ್ಟ ಕಂಪ್ಯೂಟರ್ ಇದೆ, ಅದು ಅಂತರಜಾಲದ ಮೂಲಕ ತನ್ನ ತಯಾರಕರೊಡನೆ ಸದಾ ಸಂಪರ್ಕದಲ್ಲಿರುತ್ತದೆ. ಈ ಸಂಪರ್ಕದಿಂದ ಲಾಭವಿಲ್ಲವೆಂದಲ್ಲ. ಭದ್ರತೆಯ ಲೋಪ ಕಂಡುಬಂದರೆ ರಾತ್ರೋರಾತ್ರಿ ಲಕ್ಷಾಂತರ ಸಾಧನಗಳನ್ನು ಸರಿಪಡಿಸಬಹುದು. ಇದು ಹಿಂದೆ ಊಹೆಗೂ ನಿಲುಕದ ಮಾತಾಗಿತ್ತು. ಆದರೆ ಒಳ್ಳೆಯದನ್ನು ಕಳಿಸುವ ಅದೇ ದಾರಿಯಲ್ಲಿ ಸಾಧನವನ್ನು ನಿಧಾನಗೊಳಿಸಲೂ ಬರುತ್ತದೆ, ಇದ್ದ ಸೌಲಭ್ಯವನ್ನು ಕಿತ್ತುಕೊಳ್ಳಲೂ ಬರುತ್ತದೆ, ಜಾಹೀರಾತು ತುಂಬಲೂ ಬರುತ್ತದೆ, ಕೊನೆಗೆ ಅದನ್ನು ಪೂರ್ತಿ ನಿಲ್ಲಿಸಿಬಿಡಲೂ ಬರುತ್ತದೆ. ಇವುಗಳಲ್ಲಿ ಯಾವುದು ಯಾವಾಗ ಆಗುತ್ತದೆ ಎಂಬುದನ್ನು ಕೊಳ್ಳುವವನಿಗೆ ಮೊದಲೇ ಹೇಳುವವರಿಲ್ಲ.

ಬ್ಯಾಟರಿಯ ವಿಷಯವನ್ನೇ ತೆಗೆದುಕೊಳ್ಳಿ. ಲಿಥಿಯಂ ಅಯಾನ್ ಬ್ಯಾಟರಿಯನ್ನು 1991ರಲ್ಲಿ ಸೋನಿ ಮೊದಲ ಬಾರಿಗೆ ಮಾರುಕಟ್ಟೆಗೆ ತಂದಿತು. ಅದನ್ನು ರೂಪಿಸಿದ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟ್ಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ ಅವರಿಗೆ 2019ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಇಂದಿನ ಕಿಸೆಯ ಸಾಧನಗಳೆಲ್ಲ ಈ ಸಂಶೋಧನೆಯ ಋಣದಲ್ಲಿವೆ. ಆದರೆ ಈ ಬ್ಯಾಟರಿ ಹುಟ್ಟಿದ ದಿನದಿಂದಲೇ ಸವೆಯುತ್ತದೆ. ಚಾರ್ಜ್ ಮಾಡಿ ಖಾಲಿ ಮಾಡಿದಷ್ಟೂ ಅದರ ಸಂಗ್ರಹ ಸಾಮರ್ಥ್ಯ ಇಳಿಯುತ್ತದೆ, ಒಳಗಿನ ವಿದ್ಯುತ್ ರೋಧ ಏರುತ್ತದೆ. ಹಳತಾದ ಬ್ಯಾಟರಿಯಿಂದ ಫೋನು ಒಮ್ಮೆಲೇ ಹೆಚ್ಚು ವಿದ್ಯುತ್ ಎಳೆದುಕೊಂಡಾಗ ವೋಲ್ಟೇಜ್ ಕುಸಿದು, ಶೇಕಡ 30 ಚಾರ್ಜ್ ತೋರಿಸುತ್ತಿದ್ದ ಫೋನು ಇದ್ದಕ್ಕಿದ್ದಂತೆ ಆರಿಹೋಗುವುದುಂಟು. ಇದು ರಸಾಯನಶಾಸ್ತ್ರದ ನಿಯಮ, ಯಾವ ಕಂಪನಿಯ ತಪ್ಪೂ ಅಲ್ಲ.

ಆ್ಯಪಲ್ ಕಂಪನಿ 2017ರ ಆರಂಭದಲ್ಲಿ ಒಂದು ಅಪ್‌ಡೇಟ್ ಮೂಲಕ ಹಳೆಯ ಬ್ಯಾಟರಿಯ ಐಫೋನ್‌ಗಳ ಪ್ರೊಸೆಸರ್ ವೇಗವನ್ನು ತಗ್ಗಿಸಿ ಈ ಸಮಸ್ಯೆಗೆ ಪರಿಹಾರ ಹುಡುಕಿತು. ಎಂಜಿನಿಯರಿಂಗ್ ದೃಷ್ಟಿಯಿಂದ ಅದು ತೀರ ಅನ್ಯಾಯದ ಉಪಾಯವೇನೂ ಆಗಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಪದೇಪದೇ ಆರಿಹೋಗುವ ಫೋನ್‌ಗಿಂತ ಸ್ವಲ್ಪ ನಿಧಾನವಾದ ಫೋನು ಮೇಲು. ಆದರೆ ವೇಗ ಕಡಿಮೆ ಮಾಡಿರುವ ಸಂಗತಿಯನ್ನು ಬಳಕೆದಾರರಿಗೆ ನೇರವಾಗಿ ತಿಳಿಸಲಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಹೊರಗಿನವರು ನಡೆಸಿದ ಪರೀಕ್ಷೆಗಳಿಂದ ವಿಷಯ ಬಯಲಾದ ಮೇಲಷ್ಟೇ ಕಂಪನಿ ಒಪ್ಪಿಕೊಂಡು ಕ್ಷಮೆ ಕೇಳಿತು, ಬ್ಯಾಟರಿ ಬದಲಾವಣೆಯ ದರವನ್ನು 79 ಡಾಲರ್‌ನಿಂದ 29 ಡಾಲರ್‌ಗೆ ಇಳಿಸಿತು. 2020ರ ಫೆಬ್ರುವರಿಯಲ್ಲಿ ಫ್ರಾನ್ಸ್‌ನ ಗ್ರಾಹಕ ರಕ್ಷಣಾ ಇಲಾಖೆ ಅದಕ್ಕೆ 2.5 ಕೋಟಿ ಯೂರೊ ದಂಡ ವಿಧಿಸಿದಾಗ ಕೊಟ್ಟ ಕಾರಣವೂ ಗ್ರಾಹಕರಿಗೆ ಮಾಹಿತಿ ಕೊಡಲಿಲ್ಲ ಎಂಬುದೇ. ಹೊಸ ಬ್ಯಾಟರಿ ಹಾಕಿಸಿದರೆ ಸರಿಹೋಗಬಹುದಾಗಿದ್ದ ಫೋನು ಹಳತಾಯಿತೆಂದು ತಿಳಿದು, ಅದನ್ನು ಬದಿಗಿಟ್ಟು ಹೊಸದನ್ನು ಕೊಂಡವರು ಆ ತಿಂಗಳುಗಳಲ್ಲಿ ಎಷ್ಟು ಮಂದಿ ಇದ್ದಿರಬಹುದು! ಅವರಿಗೆ ಆದ ನಷ್ಟ ನಿಧಾನಗತಿಯಿಂದ ಆದದ್ದಲ್ಲ, ಮೌನದಿಂದ ಆದದ್ದು. ಇಂದು ಅದೇ ಕಂಪನಿಯ ಫೋನ್‌ನ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿಯ ಆರೋಗ್ಯ ಶೇಕಡಾವಾರು ಕಾಣುತ್ತದೆ. ಗ್ರಾಹಕರು ದನಿ ಎತ್ತಿದ್ದರಿಂದ ಬಂದ ಸೌಲಭ್ಯ ಅದು.

ಬ್ಯಾಟರಿ ಸವೆಯುವುದು ಅನಿವಾರ್ಯವೆಂದ ಮೇಲೆ ಅದನ್ನು ಸುಲಭವಾಗಿ ಬದಲಿಸಲು ಬರುವಂತೆ ಇಡುವುದು ನ್ಯಾಯ. 2000ನೇ ಇಸವಿಯ ನೋಕಿಯಾ 3310ರಲ್ಲಿ ಹಿಂಬದಿಯ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿ ಬ್ಯಾಟರಿಯನ್ನು ಕೈಯಲ್ಲೇ ತೆಗೆಯಬಹುದಿತ್ತು. ಈಚೆಗೆ ನನ್ನ ಫೋನ್‌ನ ಬ್ಯಾಟರಿ ಉಬ್ಬಿ ಪರದೆ ಒಂದು ಬದಿಯಲ್ಲಿ ಮೇಲೆದ್ದಾಗ ಅದನ್ನು ಬಿಚ್ಚುವ ಕೆಲಸವನ್ನು ಎದುರಿಗೇ ಕುಳಿತು ನೋಡಿದೆ. ಗಾಜಿನ ಹಿಂಬದಿಯನ್ನು ಅಂಟಿನಿಂದ ಕೂರಿಸಿದ್ದರಿಂದ ರಿಪೇರಿಯವರು ಮೊದಲು ಅದನ್ನು ಬಿಸಿಗಾಳಿಗೆ ಹಿಡಿದು ಅಂಟು ಮೆದುವಾಗುವವರೆಗೆ ಕಾದರು. ಆಮೇಲೆ ತೆಳುವಾದ ಪ್ಲಾಸ್ಟಿಕ್ ಬಿಲ್ಲೆಯನ್ನು ಅಂಚಿನಲ್ಲಿ ತೂರಿಸಿ, ಗಾಜು ಸೀಳದಂತೆ ಒಂದೊಂದೇ ಎಳೆಯಾಗಿ ಅಂಟನ್ನು ಬಿಡಿಸುತ್ತಾ ಸುತ್ತಲೂ ಬಂದರು. ಒಳಗಿನ ಬ್ಯಾಟರಿಯೂ ಅಂಟಿನ ಮೇಲೆಯೇ ಕುಳಿತಿತ್ತು. ಅದನ್ನು ಎಳೆದು ತೆಗೆಯಲೆಂದು ಇಟ್ಟಿದ್ದ ಪಟ್ಟಿ ಅರ್ಧಕ್ಕೇ ತುಂಡಾಯಿತು. ಉಬ್ಬಿದ ಬ್ಯಾಟರಿಗೆ ಚೂಪಾದ ಉಪಕರಣ ತಗಲಿದರೆ ಬೆಂಕಿ ಹೊತ್ತಿಕೊಳ್ಳುವ ಭಯವಿರುವುದರಿಂದ ಅವರು ಉಸಿರು ಬಿಗಿಹಿಡಿದು ಕೆಲಸ ಮಾಡುತ್ತಿದ್ದುದು ನನಗೆ ಕಾಣುತ್ತಿತ್ತು. ಎಲ್ಲ ಮುಗಿದು ಫೋನು ಚಾಲೂ ಆದಾಗ ಪರದೆಯ ಮೇಲೆ, ಈ ಬ್ಯಾಟರಿ ಕಂಪನಿಯ ಮೂಲ ಭಾಗವೆಂದು ಖಚಿತಪಡಿಸಲಾಗುತ್ತಿಲ್ಲ ಎಂಬ ಎಚ್ಚರಿಕೆ ಮೂಡಿತು. ಅದೇ ಕೆಲಸಕ್ಕೆ ಕಂಪನಿಯ ಸರ್ವೀಸ್ ಸೆಂಟರ್‌ನಲ್ಲಿ ಕೇಳಿದಾಗ, ಪರದೆಯನ್ನೂ ಸೇರಿಸಿ ಬದಲಿಸಬೇಕಾಗುತ್ತದೆ ಎಂದು ಹೇಳಿದ ದರ ಮೂಗಿಗಿಂತ ಮೂಗುತಿ ಭಾರ ಎನ್ನುವಂತಿತ್ತು.

ಅಂಟು ಹಾಕುವುದಕ್ಕೆ ಕಂಪನಿಗಳು ಕೊಡುವ ಕಾರಣ ನೀರು, ದೂಳು ಒಳಹೋಗಬಾರದು ಮತ್ತು ಫೋನು ತೆಳುವಾಗಿರಬೇಕು ಎಂಬುದು. ಈ ಕಾರಣದಲ್ಲಿ ಹುರುಳಿದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಒಂದು ಫೋನ್‌ನ ಬಿಡಿಭಾಗವನ್ನು ಆ ಫೋನ್‌ನ ಕ್ರಮಸಂಖ್ಯೆಗೆ ತಂತ್ರಾಂಶದಿಂದ ಗಂಟುಹಾಕಿ, ಅದೇ ಮಾದರಿಯ ಇನ್ನೊಂದು ಫೋನ್‌ನಿಂದ ತೆಗೆದ ಅಸಲಿ ಭಾಗವನ್ನೂ ಪೂರ್ತಿ ಕೆಲಸ ಮಾಡದಂತೆ ತಡೆಯುವುದಕ್ಕೆ ನೀರು, ದೂಳಿನ ನೆಪವೂ ಇಲ್ಲ. ಕದ್ದ ಫೋನ್‌ಗಳ ಭಾಗಗಳು ಮಾರಾಟವಾಗುವುದನ್ನು ತಡೆಯಲು ಇದು ಬೇಕು ಎನ್ನುತ್ತಾರೆ. ಕಳವಾದ ಸಾಧನಗಳನ್ನಷ್ಟೇ ಗುರುತಿಸಿ ತಡೆಯಲು ದಾರಿಗಳಿರುವಾಗ ಪ್ರಾಮಾಣಿಕವಾಗಿ ರಿಪೇರಿ ಮಾಡುವವರೆಲ್ಲರನ್ನೂ ಕಳ್ಳರ ಸಾಲಿಗೆ ಸೇರಿಸಬೇಕಾದ ಅಗತ್ಯವೇನು? ಅಮೆರಿಕದ ಓರೆಗಾನ್ ರಾಜ್ಯ 2024ರಲ್ಲಿ ಮಾಡಿದ ಕಾನೂನು ರಿಪೇರಿಗೆ ಅಡ್ಡಿಯಾಗುವ ಈ ಪದ್ಧತಿಯನ್ನೇ ನಿಷೇಧಿಸಿದೆ.

ಪ್ರಿಂಟರ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಎಚ್‌ಪಿ ಕಂಪನಿಯ ಕೆಲವು ಮಾದರಿಗಳು ಬೇರೆ ತಯಾರಕರ ಶಾಯಿಯ ಕಾರ್ಟ್ರಿಡ್ಜ್‌ಗಳನ್ನು ಇದ್ದಕ್ಕಿದ್ದಂತೆ ನಿರಾಕರಿಸತೊಡಗಿದವು. ಟೀಕೆ ಬಂದ ಮೇಲೆ ಕಂಪನಿ ಆ ತಡೆಯನ್ನು ತೆಗೆಯುವ ತಂತ್ರಾಂಶವನ್ನೂ ಕೊಡಬೇಕಾಯಿತು. ಕೊಂಡ ದಿನ ಒಪ್ಪುತ್ತಿದ್ದ ಶಾಯಿಯನ್ನು ಆಮೇಲೆ ಒಪ್ಪದಂತೆ ಮಾಡುವುದು ವ್ಯಾಪಾರದ ಕರಾರನ್ನು ಒಂದೇ ಕಡೆಯವರು ತಿದ್ದಿದಂತೆ.

ಇವೆಲ್ಲಕ್ಕಿಂತ ನನಗೆ ಗಂಭೀರವಾಗಿ ಕಾಣುವುದು ಸರ್ವರ್ ಮೇಲಿನ ಅವಲಂಬನೆ. ಮನೆಯ ದೀಪ, ಬಾಗಿಲುಗಳನ್ನು ನಿಯಂತ್ರಿಸುವ ರಿವಾಲ್ವ್ ಎಂಬ ಸಾಧನವಿತ್ತು. ಗೂಗಲ್ ಒಡೆತನದ ನೆಸ್ಟ್ 2014ರಲ್ಲಿ ಆ ಕಂಪನಿಯನ್ನು ಕೊಂಡು, 2016ರ ಮೇ ತಿಂಗಳಲ್ಲಿ ಅದರ ಸರ್ವರ್‌ಗಳನ್ನು ನಿಲ್ಲಿಸಿತು. ಯಂತ್ರದಲ್ಲಿ ಏನೊಂದೂ ಕೆಟ್ಟಿರಲಿಲ್ಲ; ಆದರೂ 299 ಡಾಲರ್ ಕೊಟ್ಟು ಕೊಂಡವರ ಮನೆಯಲ್ಲಿ ಅದು ಒಂದು ದಿನದಲ್ಲಿ ನಿರುಪಯುಕ್ತ ಪೆಟ್ಟಿಗೆಯಾಯಿತು. ಲಾಜಿಟೆಕ್ ಕಂಪನಿ 2017ರಲ್ಲಿ ತನ್ನ ಹಾರ್ಮನಿ ಲಿಂಕ್ ಎಂಬ ಸಾಧನವನ್ನು ಮುಂದಿನ ಮಾರ್ಚ್‌ನಿಂದ ನಿಲ್ಲಿಸುವುದಾಗಿ ಪ್ರಕಟಿಸಿ, ಗ್ರಾಹಕರು ಸಿಟ್ಟಾದ ಮೇಲೆ ಎಲ್ಲರಿಗೂ ಹೊಸ ಮಾದರಿಯನ್ನು ಉಚಿತವಾಗಿ ಕೊಡಲು ಒಪ್ಪಿತು. ಸ್ಪೀಕರ್ ತಯಾರಿಸುವ ಸೋನೋಸ್‌ನದು ಇನ್ನೂ ವಿಚಿತ್ರ. ಹಳೆಯ ಸ್ಪೀಕರ್ ಕೊಟ್ಟು ಹೊಸದಕ್ಕೆ ರಿಯಾಯಿತಿ ಪಡೆಯಬೇಕಾದರೆ ಹಳೆಯದನ್ನು ಮರುಬಳಕೆ ಎಂಬ ಹೆಸರಿನ ಸ್ಥಿತಿಗೆ ಹಾಕಬೇಕಿತ್ತು, ಆ ಸ್ಥಿತಿಗೆ ಹೋದ ಸ್ಪೀಕರ್ 21 ದಿನಗಳ ನಂತರ ಶಾಶ್ವತವಾಗಿ ನಿಷ್ಕ್ರಿಯವಾಗುತ್ತಿತ್ತು. ಚೆನ್ನಾಗಿ ಹಾಡುವ ಸ್ಪೀಕರ್ ಇನ್ನೊಬ್ಬರ ಮನೆ ಸೇರುವ ಬದಲು ಗುಜರಿಗೆ ಹೋಗುವಂತೆ ಮಾಡುವ ಈ ಏರ್ಪಾಡನ್ನು ಕಂಪನಿ 2020ರಲ್ಲಿ ಕೈಬಿಟ್ಟಿತು, ಅದೂ ಗ್ರಾಹಕರು ಕೂಗೆಬ್ಬಿಸಿದ ಮೇಲೆ.

ಪುಸ್ತಕ, ಸಂಗೀತ, ಚಲನಚಿತ್ರಗಳನ್ನು ಡಿಜಿಟಲ್ ರೂಪದಲ್ಲಿ ಕೊಳ್ಳುವವರ ಪಾಡೂ ಬೇರೆಯಲ್ಲ. 2009ರ ಜುಲೈನಲ್ಲಿ ಅಮೆಜಾನ್, ಮಾರಾಟದ ಹಕ್ಕಿಲ್ಲದವರು ತನ್ನ ಮಳಿಗೆಯಲ್ಲಿ ಮಾರಿದ್ದರೆಂಬ ಕಾರಣಕ್ಕೆ, ಓದುಗರು ದುಡ್ಡು ಕೊಟ್ಟು ಪಡೆದಿದ್ದ ಕೆಲವು ಕಾದಂಬರಿಗಳನ್ನು ಅವರ ಕಿಂಡಲ್ ಎಂಬ ಇ-ಪುಸ್ತಕ ಓದುವ ಸಾಧನಗಳಿಂದಲೇ ದೂರದಲ್ಲಿ ಕುಳಿತು ಅಳಿಸಿಹಾಕಿತು. ಹಣವನ್ನು ಮರಳಿಸಿತು, ಕಂಪನಿಯ ಮುಖ್ಯಸ್ಥ ಜೆಫ್ ಬೆಜೋಸ್ ಕ್ಷಮೆಯನ್ನೂ ಕೇಳಿದರು. ಅಂಗಡಿಯವನು ತಪ್ಪಾಗಿ ಮಾರಿದ ಪುಸ್ತಕವನ್ನು ರಾತ್ರಿ ನಮ್ಮ ಮನೆಯೊಳಗೆ ಬಂದು ಕಪಾಟಿನಿಂದ ಎತ್ತಿಕೊಂಡು ಹೋಗಿ, ದುಡ್ಡನ್ನು ಮೇಜಿನ ಮೇಲೆ ಇಟ್ಟರೆ ನಾವು ಒಪ್ಪುತ್ತೇವೆಯೇ? ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಇ-ಪುಸ್ತಕ ಮಳಿಗೆಯನ್ನು ಮುಚ್ಚಿದಾಗಲೂ ಓದುಗರ ಪುಸ್ತಕಗಳು ಮಾಯವಾದವು. ಹಣ ವಾಪಸಾಯಿತು ನಿಜ, ಆದರೆ ಯಾರೂ ಪುಸ್ತಕ ಕೊಂಡದ್ದು ಹಣ ವಾಪಸು ಪಡೆಯಲಿಕ್ಕಲ್ಲ. ಇಂತಹ ಮಾರಾಟದಲ್ಲಿ ಗ್ರಾಹಕನಿಗೆ ಸಿಗುವುದು ಬಳಕೆಯ ಪರವಾನಗಿ ಮಾತ್ರ ಎಂಬುದನ್ನು ಕೊಳ್ಳುವ ಮೊದಲೇ ಸ್ಪಷ್ಟವಾಗಿ ತಿಳಿಸಬೇಕೆಂದು ಕ್ಯಾಲಿಫೋರ್ನಿಯ 2025ರ ಜನವರಿಯಿಂದ ಕಡ್ಡಾಯ ಮಾಡಿದೆ.

ಒಂದು ಸೇವೆಯನ್ನು ಗೌರವದಿಂದ ಮುಗಿಸುವುದೂ ಸಾಧ್ಯ, ಅದಕ್ಕೂ ಉದಾಹರಣೆಗಳಿವೆ. ಗೂಗಲ್ ತನ್ನ ಸ್ಟೇಡಿಯ ಎಂಬ ಆಟಗಳ ಸೇವೆಯನ್ನು 2023ರ ಜನವರಿ 18ರಂದು ನಿಲ್ಲಿಸಿದಾಗ, ಅದರ ಮಳಿಗೆಯಿಂದ ಕೊಂಡ ಆಟಗಳ ಮತ್ತು ಉಪಕರಣಗಳ ಹಣವನ್ನು ಮರಳಿಸಿತು. ನನಗೆ ಹೆಚ್ಚು ಮೆಚ್ಚುಗೆಯಾದದ್ದು ಅದಲ್ಲ. ಸ್ಟೇಡಿಯದ ಕಂಟ್ರೋಲರ್ ನಿಸ್ತಂತುವಾಗಿ ಕೆಲಸ ಮಾಡುತ್ತಿದ್ದುದು ಆ ಸೇವೆಯೊಂದಿಗೆ ಮಾತ್ರ. ಸೇವೆ ನಿಂತಾಗ ಗೂಗಲ್ ಒಂದು ತಂತ್ರಾಂಶ ಬಿಡುಗಡೆ ಮಾಡಿ ಅದನ್ನು ಸಾಮಾನ್ಯ ಬ್ಲೂಟೂತ್ ಕಂಟ್ರೋಲರ್ ಆಗಿ ಬದಲಿಸಿಕೊಟ್ಟಿತು, ಹೀಗಾಗಿ ಅದು ಇಂದಿಗೂ ಬೇರೆ ಕಂಪ್ಯೂಟರ್‌ಗಳೊಂದಿಗೆ ಉಪಯೋಗಕ್ಕೆ ಬರುತ್ತಿದೆ. ಪೆಬಲ್ ಕೈಗಡಿಯಾರದ ಕಂಪನಿಯ ಆಸ್ತಿಯನ್ನು 2016ರಲ್ಲಿ ಕೊಂಡ ಫಿಟ್‌ಬಿಟ್ ಕೂಡ, ಸರ್ವರ್‌ಗಳನ್ನು ಮುಚ್ಚುವ ಮೊದಲು ಆ ಗಡಿಯಾರಗಳು ಅವುಗಳ ನೆರವಿಲ್ಲದೆಯೂ ನಡೆಯುವಂತೆ ಆ್ಯಪ್ ಅನ್ನು ತಿದ್ದಿಕೊಟ್ಟಿತು. ಇವು ಭಾರಿ ಖರ್ಚಿನ ಕೆಲಸಗಳೇನೂ ಅಲ್ಲ. ಬೇಕಾದದ್ದು ಒಂದಿಷ್ಟು ಮುಂದಾಲೋಚನೆ, ಮತ್ತು ತನ್ನನ್ನು ನಂಬಿ ದುಡ್ಡು ಕೊಟ್ಟವರ ಬಗ್ಗೆ ಒಂದಿಷ್ಟು ಕಾಳಜಿ.

ಟಿ.ವಿ.ಯ ವಿಷಯದಲ್ಲಿ ಇನ್ನೊಂದು ಬಗೆಯ ಬೆಲೆಯನ್ನು ನಾವು ತೆರುತ್ತಿದ್ದೇವೆ. ನನ್ನ ಟಿ.ವಿ. ಕೊಂಡಾಗ ಅದರ ಮುಖಪುಟದಲ್ಲಿ ನಾನು ಬಳಸುವ ಆ್ಯಪ್‌ಗಳ ಸಾಲು ಮಾತ್ರ ಇತ್ತು. ಒಂದು ಅಪ್‌ಡೇಟ್ ಆದ ಮರುದಿನ ಪರದೆಯ ಮೇಲಿನ ಅರ್ಧವನ್ನು ದೊಡ್ಡ ಜಾಹೀರಾತು ಆಕ್ರಮಿಸಿತ್ತು. ನನ್ನ ಆ್ಯಪ್‌ಗಳು ಕೆಳಗಿನ ಅಂಚಿಗೆ ಸರಿದಿದ್ದವು. ಅದನ್ನು ತೆಗೆಯುವ ಆಯ್ಕೆಗಾಗಿ ಸೆಟ್ಟಿಂಗ್ಸ್‌ನ ಪ್ರತಿಯೊಂದು ಪುಟವನ್ನೂ ತಡಕಿದೆ, ಸಿಗಲಿಲ್ಲ. ಸಹಾಯವಾಣಿಗೆ ಕರೆ ಮಾಡಿದಾಗ ಬಳಕೆದಾರರ ಅನುಭವವನ್ನು ಉತ್ತಮಪಡಿಸಲು ಹೀಗೆ ಮಾಡಲಾಗಿದೆ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ ಬಂತು. ನನ್ನ ಮನೆಯ ಗೋಡೆ, ನಾನು ಕೊಂಡ ಟಿ.ವಿ., ನಾನು ಕಟ್ಟುವ ವಿದ್ಯುತ್ ಬಿಲ್ಲು. ಜಾಹೀರಾತಿನ ಹಣ ಮಾತ್ರ ಕಂಪನಿಗೆ. ನೋಡುಗರ ಮಾಹಿತಿಯ ಕಥೆ ಇದಕ್ಕಿಂತ ಕೆಟ್ಟದ್ದು. ಅಮೆರಿಕದಲ್ಲಿ ವಿಜಿಯೊ ಕಂಪನಿ ಸುಮಾರು 1.1 ಕೋಟಿ ಟಿ.ವಿ.ಗಳ ಪರದೆಯ ಮೇಲೆ ಏನು ಓಡುತ್ತಿದೆ ಎಂಬುದನ್ನು ಚಿತ್ರಬಿಂದುಗಳ ಮಾದರಿ ಸಂಗ್ರಹಿಸಿ ಗುರುತಿಸುತ್ತಿತ್ತು, ನೋಡುಗರ ಒಪ್ಪಿಗೆ ಇಲ್ಲದೆಯೇ ಆ ವಿವರವನ್ನು ಇತರರಿಗೆ ಮಾರುತ್ತಿತ್ತು ಎಂಬ ಆರೋಪಕ್ಕೆ ಗುರಿಯಾಗಿ 2017ರಲ್ಲಿ 22 ಲಕ್ಷ ಡಾಲರ್ ಕಟ್ಟಿ ಪ್ರಕರಣ ಇತ್ಯರ್ಥ ಮಾಡಿಕೊಂಡಿತು. ಇಂದು ಈ ತಂತ್ರ ಬಹಳಷ್ಟು ಸ್ಮಾರ್ಟ್ ಟಿ.ವಿ.ಗಳಲ್ಲಿ ಇದೆ, ಮೊದಲ ಬಾರಿ ಚಾಲೂ ಮಾಡುವಾಗ ನಾವು ಅವಸರದಲ್ಲಿ ಒತ್ತುವ ಒಪ್ಪಿಗೆಯ ಗುಂಡಿಗಳ ನಡುವೆ ಅದಕ್ಕೂ ಒಪ್ಪಿಗೆ ಸೇರಿರುತ್ತದೆ. ಆ ಷರತ್ತುಗಳನ್ನು ಟಿ.ವಿ. ಪರದೆಯ ಮೇಲೆ ರಿಮೋಟ್‌ನಿಂದ ಸರಿಸುತ್ತಾ ಕೊನೆಯವರೆಗೆ ಓದುವುದು ಯಾರಿಂದ ಸಾಧ್ಯ?

ಕಂಪ್ಯೂಟರ್‌ಗಳಲ್ಲಿ ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಈ ದಿನಾಂಕವನ್ನು ಮೈಕ್ರೋಸಾಫ್ಟ್ ವರ್ಷಗಳ ಮೊದಲೇ ಪ್ರಕಟಿಸಿತ್ತೆಂಬುದನ್ನು ನ್ಯಾಯವಾಗಿ ಹೇಳಲೇಬೇಕು. ಆದರೆ ವಿಂಡೋಸ್ 11ಕ್ಕೆ ಟಿಪಿಎಮ್ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು ಹೊಸ ಪೀಳಿಗೆಯ ಪ್ರೊಸೆಸರ್ ಇರಲೇಬೇಕೆಂಬ ಷರತ್ತು ಗೊತ್ತಾದದ್ದು 2021ರಲ್ಲಿ. ಅದಕ್ಕೆ ಕೆಲವೇ ವರ್ಷ ಮುಂಚೆ ಕೊಂಡ, ಇಂದಿಗೂ ಚುರುಕಾಗಿ ಓಡುವ ಎಷ್ಟೋ ಯಂತ್ರಗಳು ಆ ಗೆರೆಯ ಆಚೆ ಉಳಿದವು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತು, ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇಕಡ 22.3 ಮಾತ್ರ. ಕೆಡದೆ ಇರುವ ಯಂತ್ರವೂ ಆ ರಾಶಿಗೆ ಸೇರುವಂತಾದರೆ ಹಸಿರು ಬಣ್ಣದ ಪೆಟ್ಟಿಗೆ, ಮರುಬಳಕೆಯ ಕಾಗದದ ಕೈಪಿಡಿಗಳಿಂದ ಯಾವ ಪ್ರಯೋಜನವೂ ಇಲ್ಲ.

ಇದನ್ನೆಲ್ಲ ಸರಿಪಡಿಸಲು ಬರುವುದಿಲ್ಲ, ನಿಯಮ ಮಾಡಿದರೆ ಹೊಸತನ ಸಾಯುತ್ತದೆ ಎಂದು ಕಂಪನಿಗಳು ಹೇಳುತ್ತಲೇ ಬಂದಿವೆ. ಎಲ್ಲರಿಗೂ ಒಂದೇ ಬಗೆಯ ಚಾರ್ಜರ್ ಇರಲಿ ಎಂದು ಐರೋಪ್ಯ ಒಕ್ಕೂಟ ಹೊರಟಾಗ ಆ್ಯಪಲ್ ಇದೇ ಮಾತು ಹೇಳಿತ್ತು. ಒಕ್ಕೂಟ 2022ರಲ್ಲಿ ನಿಯಮ ಮಾಡಿತು. 2024ರ ಡಿಸೆಂಬರ್ 28ರಿಂದ ಅದು ಫೋನ್‌ಗಳಿಗೆ ಜಾರಿಯಾಯಿತು. ಅದಕ್ಕೂ ಮೊದಲೇ, 2023ರ ಸೆಪ್ಟೆಂಬರ್‌ನಲ್ಲಿ, ಐಫೋನ್ 15 ಆ ನಿಯಮ ಹೇಳಿದ ಯುಎಸ್‌ಬಿ-ಸಿ ಎಂಬ ಚಾರ್ಜಿಂಗ್ ಕಿಂಡಿಯೊಂದಿಗೆ ಬಂತು. ಯಾವ ಹೊಸತನವೂ ಸಾಯಲಿಲ್ಲ, ಬ್ಯಾಗಿನಲ್ಲಿ ಹೊರಬೇಕಾದ ಒಂದು ಕೇಬಲ್ ಕಡಿಮೆಯಾಯಿತು. ಅಪ್‌ಡೇಟ್‌ಗಳ ವಿಷಯದಲ್ಲೂ ಅಷ್ಟೇ. ಎರಡು ಮೂರು ವರ್ಷಕ್ಕಿಂತ ಹೆಚ್ಚು ಕೊಡುವುದು ಕಷ್ಟ ಎಂಬುದು ಆಂಡ್ರಾಯ್ಡ್ ಫೋನ್‌ಗಳ ತಯಾರಕರಿಂದ ಬಹುಕಾಲ ಕೇಳಿಬಂದ ಮಾತು. ಡಚ್ ಕಂಪನಿ ಫೇರ್‌ಫೋನ್ ತನ್ನಂಥ ಸಣ್ಣ ಸಂಸ್ಥೆಗೂ ಅದು ಸಾಧ್ಯವೆಂದು ತೋರಿಸಿ, 2015ರಲ್ಲಿ ಬಿಡುಗಡೆಯಾದ ತನ್ನ ಎರಡನೆಯ ಫೋನ್‌ಗೆ 2023ರವರೆಗೂ ಅಪ್‌ಡೇಟ್ ಕೊಟ್ಟಿತು. ಆಮೇಲೆ ಗೂಗಲ್ 2023ರ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ 2024ರ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷಗಳ ಅಪ್‌ಡೇಟ್ ಘೋಷಿಸಿದವು. ಇದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಅದೇ ಸೌಲಭ್ಯ ಕಡಿಮೆ ಬೆಲೆಯ ಫೋನ್‌ಗಳಿಗೂ ಬರಬೇಕು, ಏಕೆಂದರೆ ಹೊಸ ಫೋನು ಕೊಳ್ಳಲು ಎಲ್ಲರಿಗಿಂತ ಹೆಚ್ಚು ಕಷ್ಟಪಡುವವರು ಅವುಗಳನ್ನೇ ಬಳಸುತ್ತಾರೆ.

ನಾನು ಕೇಳುತ್ತಿರುವುದು ಅಸಾಧ್ಯವಾದದ್ದೇನೂ ಅಲ್ಲ ಎಂಬುದಕ್ಕೆ ಈಗಾಗಲೇ ಇರುವ ಕಾನೂನುಗಳೇ ಸಾಕ್ಷಿ. ಅಂತರಜಾಲಕ್ಕೆ ಸೇರುವ ಗೃಹಬಳಕೆಯ ಸಾಧನಗಳಿಗೆ ಕನಿಷ್ಠ ಎಷ್ಟು ಕಾಲ ಭದ್ರತಾ ಅಪ್‌ಡೇಟ್ ಸಿಗುತ್ತದೆ ಎಂಬುದನ್ನು ತಯಾರಕರು ಪ್ರಕಟಿಸಲೇಬೇಕೆಂಬ ನಿಯಮ ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಜಾರಿಯಲ್ಲಿದೆ. ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದು ಎಂಬುದಕ್ಕೆ ಹತ್ತರಲ್ಲಿ ಎಷ್ಟು ಅಂಕ ಎಂದು ಫೋನ್, ಲ್ಯಾಪ್‌ಟಾಪ್, ಟಿ.ವಿ.ಗಳ ವಿಷಯದಲ್ಲಿ ತೋರಿಸಬೇಕೆಂಬ ನಿಯಮವನ್ನು ಫ್ರಾನ್ಸ್ 2021ರಲ್ಲೇ ತಂದಿತು. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರುಕಟ್ಟೆಗೆ ಬರುವ ಹೊಸ ಮಾದರಿಯ ಫೋನ್‌ಗಳಿಗೆ, ಆ ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಅಪ್‌ಡೇಟ್ ಮತ್ತು ಏಳು ವರ್ಷ ಮುಖ್ಯ ಬಿಡಿಭಾಗ ಒದಗಿಸಬೇಕೆಂಬ ನಿಯಮವಿದೆ. ಜಗತ್ತಿನಾದ್ಯಂತ ವ್ಯಾಪಾರ ಮಾಡುವ ಇದೇ ಕಂಪನಿಗಳು ಅಲ್ಲಿ ಈ ನಿಯಮಗಳನ್ನು ಪಾಲಿಸಿಕೊಂಡು ಲಾಭವನ್ನೂ ಮಾಡುತ್ತಿವೆ. ಒಂದು ಕಡೆಯ ಗ್ರಾಹಕನಿಗೆ ಹೇಳುವ ಸತ್ಯವನ್ನು ಇನ್ನೊಂದು ಕಡೆಯ ಗ್ರಾಹಕನಿಗೆ ಹೇಳದಿರಲು ಅವಕ್ಕೆ ಯಾವ ಕಾರಣವೂ ಇಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಆಹಾರದ ಪೊಟ್ಟಣದ ಮೇಲೆ ಬಳಕೆಯ ಅವಧಿ ಮುದ್ರಿಸುವಂತೆ, ಇಂಥ ಪ್ರತಿಯೊಂದು ಸಾಧನದ ಪೆಟ್ಟಿಗೆಯ ಮೇಲೂ ಅದರ ಅಪ್‌ಡೇಟ್ ಮತ್ತು ಬಿಡಿಭಾಗಗಳು ಯಾವ ತಿಂಗಳು, ಯಾವ ವರ್ಷದವರೆಗೆ ಸಿಗುತ್ತವೆ ಎಂಬುದನ್ನು ಕಣ್ಣಿಗೆ ಕಾಣುವ ಅಕ್ಷರದಲ್ಲಿ ಅಚ್ಚುಹಾಕಬೇಕು. ಎಷ್ಟು ವರ್ಷ ಎಂದಷ್ಟೇ ಹೇಳಿದರೆ ಸಾಲದು. ಆ ವರ್ಷಗಳನ್ನು ಮಾದರಿ ಬಿಡುಗಡೆಯಾದ ದಿನದಿಂದ ಎಣಿಸುವುದು ರೂಢಿಯಾದ್ದರಿಂದ, ಎರಡು ವರ್ಷ ಹಳೆಯ ಮಾದರಿಯನ್ನು ರಿಯಾಯಿತಿಯಲ್ಲಿ ಕೊಂಡವನಿಗೆ ಅದರಲ್ಲಿ ಎಷ್ಟು ಉಳಿದಿದೆ ಎಂಬುದು ಗೊತ್ತಾಗುವುದೇ ಇಲ್ಲ. ಸರ್ವರ್ ಇಲ್ಲದೆ ಸಾಧನ ಎಷ್ಟು ಕೆಲಸ ಮಾಡುತ್ತದೆ ಎಂಬುದೂ ಅದೇ ಜಾಗದಲ್ಲಿ ಇರಬೇಕು. ಬೆಂಬಲ ಮುಗಿಯುವ ದಿನ ಸರ್ವರ್‌ನ ಹಂಗಿನಿಂದ ಸಾಧನವನ್ನು ಬಿಡಿಸುವ ಕೊನೆಯ ತಂತ್ರಾಂಶವೊಂದನ್ನು ಕಂಪನಿ ಕೊಟ್ಟೇ ಹೋಗಬೇಕು. ಕೊಂಡ ದಿನ ಇದ್ದ ಸೌಲಭ್ಯವನ್ನು ಆಮೇಲೆ ತೆಗೆಯುವುದಾಗಲಿ, ಇಲ್ಲದ ಜಾಹೀರಾತನ್ನು ಸೇರಿಸುವುದಾಗಲಿ ಗ್ರಾಹಕನ ಸ್ಪಷ್ಟ ಒಪ್ಪಿಗೆಯಿಂದ ಮಾತ್ರ ಆಗಬೇಕು, ಒಪ್ಪದವನಿಗೆ ಭದ್ರತಾ ಅಪ್‌ಡೇಟ್ ನಿಲ್ಲಿಸುವ ಬೆದರಿಕೆ ಇರಬಾರದು.

ಕಾನೂನು ಬರುವವರೆಗೆ ಕಾಯಬೇಕಾಗಿಲ್ಲದ ಕೆಲಸವೊಂದು ನಿಮ್ಮ ಕೈಯಲ್ಲಿದೆ ಎಂಬ ಕಾರಣಕ್ಕೇ ಈ ಪತ್ರವನ್ನು ನಿಮಗೆ ಬರೆದೆ. ನಿಮ್ಮ ಪುಟದಲ್ಲಿ ಯಾವುದೇ ಹೊಸ ಸಾಧನದ ಪರಿಚಯ ಬಂದಾಗ, ಮೆಗಾಪಿಕ್ಸೆಲ್, ಇಂಚುಗಳ ಪಟ್ಟಿಯ ಜೊತೆಗೆ ನಾಲ್ಕು ಸಾಲು ಹೆಚ್ಚಿಗೆ ಸೇರಿಸಿ: ಅಪ್‌ಡೇಟ್‌ನ ಕೊನೆಯ ದಿನಾಂಕ, ಬ್ಯಾಟರಿ ಬದಲಾವಣೆಯ ವಿಧಾನ ಮತ್ತು ದರ, ಬಿಡಿಭಾಗ ಸಿಗುವ ಅವಧಿ, ಸರ್ವರ್ ನಿಂತರೆ ಉಳಿಯುವ ಕೆಲಸಗಳು. ಈ ಪ್ರಶ್ನೆಗಳನ್ನು ಕಂಪನಿಗೆ ಬರಹದಲ್ಲಿ ಕಳಿಸಿ, ಬಂದ ಉತ್ತರವನ್ನು ಇದ್ದಂತೆಯೇ ಪ್ರಕಟಿಸಿ. ಉತ್ತರ ಬರದಿದ್ದರೆ, ಕಂಪನಿ ಉತ್ತರಿಸಿಲ್ಲ ಎಂದು ಅದೇ ಜಾಗದಲ್ಲಿ ಅಚ್ಚುಹಾಕಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಹಳೆಯ ಗ್ರಾಹಕ